ಅಂತರ ಬೇಕಿತ್ತು, ಸೂತಕ ಬೇಕಿರಲಿಲ್ಲ

(ತಿಮ್ಮಾಪುರದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರನ್ನು ನೋಡಿ ಸಂತೋಷವಾಗುತ್ತದೆ. ಇಂಥ ಗೋಷ್ಠಿಗೆ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುವವರು ನೀವೇ. ಕೊರೊನಾ ಬಂದಾಗ ಮೊದಲು ಮನೆಯೊಳಗೆ ಹೋದವರೂ ನೀವೇ, ಕೊನೆಗೆ ಹೊರಬಂದವರೂ ನೀವೇ. ಕೆಲವರು ಹೊರಗೆ ಬರಲೇ ಇಲ್ಲ. ಈಗ ನಾವೆಲ್ಲ ಆ ದಿನಗಳನ್ನು ಮರೆತವರಂತೆ ಓಡಾಡುತ್ತಿದ್ದೇವೆ. ಪೂರಾ ಮರೆಯುವ ಮೊದಲು ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳಬೇಕು: ಹಿರಿಯರನ್ನು ಕಾಪಾಡುತ್ತೇವೆಂದು ಹೇಳಿ ನಾವು ಅವರಿಗೆ ಏನು ಮಾಡಿದೆವು?

ಕೊರೊನಾ ಹಿರಿಯರ ಮೇಲೆಯೇ ಹೆಚ್ಚು ಎರಗಿತು. 2020ರ ಮಾರ್ಚ್‌ನಲ್ಲಿ ದೇಶದಲ್ಲೇ ಮೊದಲು ಅದಕ್ಕೆ ಬಲಿಯಾದವರು ಕಲಬುರಗಿಯ 76 ವರ್ಷದ ಹಿರಿಯರು. ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಬಾಗಲಕೋಟೆಯಲ್ಲಿ ಮೊದಲು ತೀರಿಕೊಂಡವರೂ ಒಬ್ಬ ವೃದ್ಧರೇ. ಹಾಗಾಗಿ 65 ದಾಟಿದವರು ಮನೆಯಲ್ಲೇ ಇರಲಿ ಎಂದು ಸರ್ಕಾರ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮನೆಯಲ್ಲಿ ಇರುವುದೆಂದರೆ ಹಿರಿಯರ ಪಾಲಿಗೆ ಏನು ಎಂಬುದನ್ನು ನಾವು ಯೋಚಿಸಲಿಲ್ಲ.

ಕಟ್ಟೆ ಹೋಯಿತು, ಸಂತೆ ಹೋಯಿತು, ಮಠದ ದಾಸೋಹ ಹೋಯಿತು. 2020 ಮತ್ತು 2021, ಎರಡು ವರ್ಷ ಬಸವ ಜಯಂತಿ ಮನೆಯ ಜಗುಲಿ ದಾಟಲಿಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಂತಾಗ ಕಂಡಿಕೆ ಸುತ್ತುತ್ತಿದ್ದ ಅಜ್ಜಿಯರ ಕೈಯೂ ನಿಂತಿತು. ದಿನದ ಆದಾಯ ಹೋದದ್ದು ಒಂದು ನಷ್ಟ. 'ನಾನಿನ್ನೂ ಮನೆಗೆ ಬೇಕಾದವಳು' ಎಂಬ ಧೈರ್ಯ ಹೋದದ್ದು ಅದಕ್ಕಿಂತ ದೊಡ್ಡ ನಷ್ಟ. ಕಾಯಕವೇ ಕೈಲಾಸವೆಂದು ನಂಬಿದವರ ಕೈಯಿಂದ ಕಾಯಕವನ್ನೇ ಕಿತ್ತುಕೊಂಡರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ನಡೆದಾಟ ನಿಂತು ಕಾಲು ಸೋತವು. ಬಿಪಿ, ಸಕ್ಕರೆ ಕಾಯಿಲೆಯವರ ತಪಾಸಣೆ ತಪ್ಪಿತು. ಕಣ್ಣಿನ ಪೊರೆ ತೆಗೆಸಬೇಕಾದವರು ಮಬ್ಬಿನಲ್ಲೇ ದಿನ ಕಳೆದರು.

ಹಿಂದಿನ ವರ್ಷವೇ, 2019ರ ಆಗಸ್ಟ್‌ನಲ್ಲಿ, ಘಟಪ್ರಭೆ ಉಕ್ಕಿ ಮುಧೋಳ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅದೂ ಘೋರವೇ. ಆದರೆ ಆಗ ಜನ ಒಂದೇ ಸೂರಿನಡಿ ಸೇರಿ ಉಂಡರು, ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ಕೊರೊನಾದಲ್ಲಿ ಅಳುವುದಕ್ಕೂ ಜೊತೆಯಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನನ್ನ ತಾಯಿಗೆ ಸಣ್ಣ ಜ್ವರ ಬಂತು. ಬೇರೆ ಕೋಣೆಯಲ್ಲಿ ಇಟ್ಟೆವು, ಅದು ಸರಿ. ಆದರೆ ಊಟದ ತಾಟನ್ನು ಹೊಸ್ತಿಲ ಬಳಿ ಇಟ್ಟು, ಮುಖ ಕೂಡ ನೋಡದೆ ಸರಿದುಬಿಡುತ್ತಿದ್ದೆ. ಮೂರನೆಯ ದಿನ ಅವ್ವ ಒಳಗಿನಿಂದಲೇ ಕೇಳಿದಳು: "ಯಪ್ಪಾ, ನನಗ ಯಾವ ಸೂತಕ ಬಂದೈತಿ?" ಜ್ವರ ಇಳಿಯಿತು. ಆ ಮಾತು ನನ್ನೊಳಗೆ ಇನ್ನೂ ಇಳಿದಿಲ್ಲ.

ಬಂಧುಗಳೇ, ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಶರಣರು 12ನೆಯ ಶತಮಾನದಲ್ಲೇ ತೊಡೆದುಹಾಕಿದರು. ಇಷ್ಟಲಿಂಗ ಧರಿಸಿದವರಿಗೆ ಸೂತಕವಿಲ್ಲವೆಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಕೊರೊನಾ ಬಂದಾಗ ಆರನೆಯ ಸೂತಕವೊಂದನ್ನು ನಾವೇ ಹುಟ್ಟಿಸಿದೆವು. ರೋಗಿಯ ಮನೆಯನ್ನು ಬಹಿಷ್ಕಾರ ಹಾಕಿದಂತೆ ನೋಡಿದೆವು. ಗುಣವಾಗಿ ಬಂದವರ ಕೈಯಿಂದ ನೀರು ಕುಡಿಯಲು ಹಿಂಜರಿದೆವು.

ಮುಂಜಾಗ್ರತೆಗೂ ಸೂತಕಕ್ಕೂ ವ್ಯತ್ಯಾಸವಿದೆ. ಮುಂಜಾಗ್ರತೆಗೆ ಕಾರಣವಿರುತ್ತದೆ: ರೋಗಾಣು ಉಸಿರಿನಿಂದ ಹರಡುತ್ತದೆ, ಅದಕ್ಕೆ ಮಾಸ್ಕ್, ಗಾಳಿಯಾಡುವ ಕೋಣೆ, ಸಾಬೂನು. ಅದಕ್ಕೆ ಅವಧಿಯೂ ಇರುತ್ತದೆ: ಇಷ್ಟು ದಿನ ಕಳೆದರೆ ಮುಗಿಯಿತು. ಸೂತಕಕ್ಕೆ ಕಾರಣವೂ ಇಲ್ಲ, ಕೊನೆಯೂ ಇಲ್ಲ. ಅದು ರೋಗವನ್ನು ಬಿಟ್ಟು ಮನುಷ್ಯನನ್ನೇ ದೂರ ಮಾಡುತ್ತದೆ. ಆರಡಿ ದೂರ ನಿಂತು, "ಅವ್ವಾ, ಉಂಡ್ಯಾ?" ಎಂದು ಕೇಳುವುದಕ್ಕೆ ಯಾವ ವೈದ್ಯರೂ ಬೇಡವೆಂದಿರಲಿಲ್ಲ.

ಒಂಟಿತನವನ್ನು ಬರೀ ಮನಸ್ಸಿನ ಕೊರಗೆಂದು ತಿಳಿಯಬೇಡಿ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು. ಜನಸಂಪರ್ಕವಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಷ್ಯಕ್ಕೆ ಹಾನಿ ಮಾಡಬಲ್ಲದೆಂದು ಅವರು 2023ರಲ್ಲಿ ಎಚ್ಚರಿಸಿದರು. ಜೊತೆಗೆ ಕುಳಿತು ಉಣ್ಣುವುದು, ಜೊತೆಗೆ ಕುಳಿತು ವಚನ ಹೇಳುವುದು, ಇವುಗಳ ಬೆಲೆ ಅನುಭವ ಮಂಟಪ ಕಟ್ಟಿದವರಿಗೆ ಗೊತ್ತಿತ್ತು. ದಾಸೋಹವೆಂದರೆ ಅನ್ನವಷ್ಟೇ ಅಲ್ಲ, ಪಂಕ್ತಿಯೂ ಹೌದು. ಲಾಕ್‌ಡೌನ್‌ನಲ್ಲಿ ನಾವು ಅನ್ನದ ಪೊಟ್ಟಣ ಮುಟ್ಟಿಸಿದೆವು, ಪಂಕ್ತಿಯನ್ನು ಮರೆತೆವು.

ಇನ್ನು ಸಾವಿನ ವಿಷಯ. ವಿಭೂತಿ ಹಚ್ಚಿ, ಕುಳ್ಳಿರಿಸಿ, ಭಜನೆಯೊಂದಿಗೆ ಸಮಾಧಿಗೆ ಕಳಿಸುವುದು ನಮ್ಮ ರೂಢಿ. ಅದು ಸಿಗದೆ ಹೋದವರ ಮನೆಗಳಲ್ಲಿ, 'ಅಪ್ಪನಿಗೆ ಸದ್ಗತಿ ಸಿಕ್ಕಿತೋ ಇಲ್ಲವೋ' ಎಂಬ ಸಂಕಟ ಇಂದಿಗೂ ಇದೆ. ಅಂಥವರಿಗೆ ಹೇಳುತ್ತೇನೆ: ಶರಣರ ದೃಷ್ಟಿಯಲ್ಲಿ ಲಿಂಗೈಕ್ಯವೆಂಬುದು ಬದುಕಿದ್ದಾಗಲೇ ಸಾಧಿಸುವಂಥದ್ದು. ಮೆರವಣಿಗೆ ತಪ್ಪಿದರೆ ಐಕ್ಯ ತಪ್ಪುವುದಿಲ್ಲ. ಆದರೆ ಉಳಿದವರ ದುಃಖಕ್ಕೆ ಒಂದು ದಾರಿ ಬೇಕು. ಆ ಎರಡು ವರ್ಷಗಳಲ್ಲಿ ಮೌನವಾಗಿ ಹೋದವರ ಹೆಸರನ್ನೆಲ್ಲ ಓದಿ, ಪ್ರತಿ ಮಠದಲ್ಲಿ ಒಂದು ದಿನ ಸ್ಮರಣೆ ಮಾಡೋಣ. ಈಗಲೂ ತಡವಾಗಿಲ್ಲ.

ಮುಂದೆಯೂ ರೋಗ ಬರಬಹುದು. ಅದಕ್ಕಾಗಿ ನಮ್ಮ ಕೈಲಾಗುವ ಕೆಲವು ಕೆಲಸಗಳಿವೆ. ಓಣಿಓಣಿಗೆ ಒಂಟಿಯಾಗಿರುವ ಹಿರಿಯರ ಪಟ್ಟಿ ಮಠದಲ್ಲಿರಲಿ. ಯಾರ ಮನೆಯಲ್ಲಿ ಯಾವ ಗುಳಿಗೆ ಮುಗಿಯುತ್ತದೆಂದು ತರುಣರಿಗೆ ಗೊತ್ತಿರಲಿ. ಬಾಗಿಲು ಮುಚ್ಚಬೇಕಾಗಿ ಬಂದರೆ ದಿನಕ್ಕೊಮ್ಮೆ ಫೋನಿನಲ್ಲಾದರೂ ಮಾತಾಡಿಸಿ, ಒಂದು ವಚನ ಹೇಳಿಸಿ. ಮಕ್ಕಳಿಂದಲೇ ಕಿರುಕುಳವಾದರೆ ಹಿರಿಯರ ಸಹಾಯವಾಣಿ 14567 ಇದೆ, 2007ರ ಪಾಲಕರ ಪೋಷಣೆಯ ಕಾಯ್ದೆ ಇದೆ. ಸಂಕೋಚ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರಿಗೆ ಕಾಯಕ ಕೊಡಿ. ಮಕ್ಕಳಿಗೆ ವಚನ ಕಲಿಸುವುದಾಗಲಿ, ಬೀಜ ಆರಿಸುವುದಾಗಲಿ, ದಾಸೋಹದ ಲೆಕ್ಕ ಬರೆಯುವುದಾಗಲಿ. ಕಾಯಕಕ್ಕೆ ನಿವೃತ್ತಿಯೆಂಬುದಿಲ್ಲ.

ಇಂದು ಮನೆಗೆ ಹೋದ ಮೇಲೆ ಒಳಕೋಣೆಯಲ್ಲಿ ಕುಳಿತ ಹಿರಿಜೀವದ ಪಕ್ಕ ಅರ್ಧ ತಾಸು ಕುಳಿತುಕೊಳ್ಳಿ. ಆ ದಿನಗಳಲ್ಲಿ ನಿನಗೆ ಏನನಿಸಿತ್ತು ಎಂದು ಕೇಳಿ. ಉತ್ತರ ಕಹಿಯಾಗಿದ್ದರೂ ಕೇಳಿಸಿಕೊಳ್ಳಿ. ನಾನು ಅವ್ವನನ್ನು ಕೇಳುವುದಕ್ಕೆ ಬಹಳ ತಡಮಾಡಿದೆ. ನೀವು ತಡಮಾಡಬೇಡಿ.