ನೋವಿಲ್ಲದ ಏರೊತ್ತಡ: ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಮುಖ್ಯ ಕಾರಣ

(ಮಹಿಳಾ ಮಂಡಳದ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಹೃದ್ರೋಗವು ಕುಳಿತು ಉಣ್ಣುವ ಸಿರಿವಂತರ ಕಾಯಿಲೆಯೆಂದೂ, ಪಾರ್ಶ್ವವಾಯುವು ಶೀತಗಾಳಿ ಬಡಿದು ಬರುವುದೆಂದೂ ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹೆಸರಿನಲ್ಲಿ 'ವಾಯು' ಎಂದಿದ್ದರೂ ಆ ರೋಗಕ್ಕೂ ಗಾಳಿಗೂ ಸಂಬಂಧವಿಲ್ಲ. ಮೆದುಳಿಗೆ ರಕ್ತವನ್ನು ಒಯ್ಯುವ ನಾಳವು ಮುಚ್ಚಿಕೊಂಡರೆ ಅಥವಾ ಒಡೆದರೆ ಲಕ್ವ ಹೊಡೆಯುವುದು. ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ನಾಳವು ಮುಚ್ಚಿಕೊಂಡರೆ ಹೃದಯಾಘಾತವಾಗುವುದು. ಎರಡೂ ರಕ್ತನಾಳಗಳ ರೋಗಗಳೇ. ಆದುದರಿಂದ ಅವುಗಳ ಕಾರಣಗಳೂ ಬಹುಮಟ್ಟಿಗೆ ಒಂದೇ ಆಗಿವೆ.

ನಮ್ಮ ದೇಶವೂ ಸೇರಿದಂತೆ 52 ರಾಷ್ಟ್ರಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನವು ಹೃದಯಾಘಾತಕ್ಕೆ ಒಂಬತ್ತು ಅಂಶಗಳನ್ನು ಎತ್ತಿ ತೋರಿಸಿತು. ತಂಬಾಕು, ರಕ್ತದಲ್ಲಿನ ಕೊಬ್ಬಿನ ಏರುಪೇರು, ರಕ್ತದ ಏರೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಕ್ಲೇಶ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ, ಮದ್ಯಪಾನದ ರೂಢಿ ಇವೇ ಆ ಒಂಬತ್ತು. ಅಪಾಯದ ನೂರರಲ್ಲಿ ತೊಂಬತ್ತು ಪಾಲು ಇವುಗಳಿಂದಲೇ ಎಂದು ಆ ಅಧ್ಯಯನವು ಕಂಡುಕೊಂಡಿತು. ತಂಬಾಕು ಎಂದೊಡನೆ ಬೀಡಿ ಸೇದುವ ಗಂಡಸರ ಕಡೆಗೆ ನೋಡಬೇಡಿರಿ. ಎಲೆ ಅಡಿಕೆಯೊಡನೆ ಬಾಯಿಗೆ ಹಾಕಿಕೊಳ್ಳುವ ಕಡ್ಡಿಪುಡಿಯೂ ತಂಬಾಕೇ ಆಗಿದೆ.

ಎಲ್ಲವನ್ನೂ ಇಲ್ಲಿ ವಿವರಿಸಲು ಸಮಯವಿಲ್ಲ. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣವೂ ಹೃದ್ರೋಗಕ್ಕೆ ಹಿರಿಯ ಕಾರಣಗಳಲ್ಲೊಂದೂ ಆದ ರಕ್ತದ ಏರೊತ್ತಡವನ್ನು, ಅಂದರೆ ನೀವು 'ಬೀಪಿ' ಎನ್ನುವುದನ್ನು ಕುರಿತೇ ಹೇಳುತ್ತೇನೆ. ಪಂಪುಸೆಟ್ಟಿನ ಕೊಳವೆಯಲ್ಲಿ ನೀರಿನ ಒತ್ತಡವು ಮಿತಿಮೀರಿದರೆ ಕೊಳವೆಯು ದುರ್ಬಲವಾದ ಕಡೆ ಒಡೆಯುವುದನ್ನು ನೀವು ನೋಡಿದ್ದೀರಿ. ರಕ್ತನಾಳವು ಒಡೆಯುವುದಷ್ಟೇ ಅಲ್ಲ, ಒತ್ತಡದ ಪೆಟ್ಟಿಗೆ ಅದರ ಒಳಮೈ ಕೆಟ್ಟು ಅಲ್ಲಿ ಕೊಬ್ಬು ಸೇರಿ ದಾರಿಯೂ ಕಿರಿದಾಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಆ ವರ್ಷಗಳಲ್ಲಿ ರೋಗಿಗೆ ಸಾಮಾನ್ಯವಾಗಿ ಯಾವ ನೋವೂ ಇರುವುದಿಲ್ಲ. ತಲೆ ಸುತ್ತಿದರೆ ಮಾತ್ರ ಬೀಪಿ ಎಂಬುದು ತಪ್ಪು ತಿಳಿವಳಿಕೆ. ಅಳೆದಲ್ಲದೆ ಅದು ತಿಳಿಯದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಏರೊತ್ತಡವೇ ಸರಿ.

ಉಪ್ಪಿನ ವಿಷಯದಲ್ಲಿ ಗೃಹಿಣಿಯರೇ ನಿಜವಾದ ವೈದ್ಯರು. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಸಣ್ಣ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರಿಗೆ ಹಾಕಿದ್ದನ್ನು ಲೆಕ್ಕ ಹಾಕಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳನ್ನು ನಾವು ಮರೆಯುತ್ತೇವೆ. ಸೈಂಧವ ಲವಣದಿಂದ ಅಪಾಯವಿಲ್ಲವೆಂದು ಈಚೆಗೆ ಕೆಲವರು ದುಬಾರಿ ಬೆಲೆ ಕೊಟ್ಟು ತರುತ್ತಿದ್ದಾರೆ. ಅದೂ ಉಪ್ಪೇ.

ನಮ್ಮ ಕೇಂದ್ರದಲ್ಲಿ ನಾನು ಪದೇ ಪದೇ ಕೇಳುವ ಮಾತೊಂದಿದೆ: "ಡಾಕ್ಟ್ರೇ, ಒಂದು ತಿಂಗಳು ಮಾತ್ರೆ ನುಂಗಿದೆ, ಬೀಪಿ ಸರಿಹೋಯ್ತು, ಬಿಟ್ಟುಬಿಟ್ಟೆ." ಒತ್ತಡವು ಇಳಿದುದು ಮಾತ್ರೆಯ ಬಲದಿಂದ. ಮಾತ್ರೆಯನ್ನು ಬಿಟ್ಟರೆ ಅದು ಮತ್ತೆ ಏರುವುದು, ಆಗಲೂ ನೋವಿರುವುದಿಲ್ಲ. ಹೀಗೆ ಬಿಟ್ಟವರನ್ನು ಕೆಲವು ತಿಂಗಳ ಬಳಿಕ ಬಾಯಿ ಸೊಟ್ಟಗಾದ ಸ್ಥಿತಿಯಲ್ಲಿ ಹೊತ್ತು ತರುವುದನ್ನು ಕಂಡಿದ್ದೇನೆ. ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಕಡಿಮೆ ಮಾಡಬೇಕೋ ಬೇಡವೋ ಎಂಬುದನ್ನು ವೈದ್ಯರು ಅಳೆದು ನೋಡಿ ಹೇಳಬೇಕು. ನೆರೆಮನೆಯವರ ಮಾತ್ರೆಯನ್ನು ಸಾಲ ತಂದು ನುಂಗುವುದೂ ಬೇಡ.

ಇನ್ನು ತಾಯಂದಿರಿಗೆ ಸಂಬಂಧಿಸಿದ ಮಾತು. ಬಸಿರಿನಲ್ಲಿ ರಕ್ತದೊತ್ತಡವು ಏರಿ ಮೂತ್ರದಲ್ಲಿ ಸಸಾರಜನಕವು ಕಾಣಿಸಿಕೊಳ್ಳುವುದನ್ನು ಗರ್ಭಿಣಿ ನಂಜು ಎನ್ನುತ್ತೇವೆ. ಹೆರಿಗೆಯಾದ ಮೇಲೆ ಒತ್ತಡವು ಸಾಮಾನ್ಯವಾಗಿ ಇಳಿಯುತ್ತದೆ. ಮನೆಯವರು ನಿಶ್ಚಿಂತರಾಗುತ್ತಾರೆ, ತಾಯಿ ಕಾರ್ಡು ಪೆಟ್ಟಿಗೆಯ ತಳ ಸೇರುತ್ತದೆ. ಆದರೆ ಇಂಥ ತಾಯಂದಿರಿಗೆ ಮುಂದಿನ ವರ್ಷಗಳಲ್ಲಿ ಹೃದ್ರೋಗವಾಗಲಿ ಲಕ್ವವಾಗಲಿ ಬರುವ ಸಂಭವವು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಅವರು ಮೂವತ್ತು ತುಂಬುವವರೆಗೆ ಕಾಯದೆ ಪ್ರತಿವರ್ಷವೂ ರಕ್ತದೊತ್ತಡವನ್ನು ಅಳೆಯಿಸಿಕೊಳ್ಳತಕ್ಕದ್ದು. ಏರೊತ್ತಡವುಳ್ಳವರು ಹೆರಿಗೆಯ ಅಂತರಕ್ಕಾಗಿ 'ಮಾಲಾ-ಎನ್'ನಂತಹ ನುಂಗುವ ಗುಳಿಗೆಗಳನ್ನು ಬಳಸಬಾರದು. ಅವು ಲಕ್ವದ ಅಪಾಯವನ್ನು ಹೆಚ್ಚಿಸುತ್ತವೆ. ಅವರಿಗೆ ಕಾಪರ್-ಟಿ ಮುಂತಾದ ಬೇರೆ ವಿಧಾನಗಳಿವೆ. ಆಶಾ ಕಾರ್ಯಕರ್ತೆಯರು ಗುಳಿಗೆಯನ್ನು ಕೊಡುವಾಗ ಹಿಂದಿನ ಬಸಿರಿನ ಬೀಪಿಯ ಸಂಗತಿಯನ್ನು ಸಂಕೋಚವಿಲ್ಲದೆ ತಿಳಿಸಿರಿ.

ಇಷ್ಟಾಗಿಯೂ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ಪಾರಿವಾಳದ ರಕ್ತವನ್ನು ಹಚ್ಚುವುದಕ್ಕಾಗಲಿ ಎಣ್ಣೆ ತಿಕ್ಕುವುದಕ್ಕಾಗಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿರಿ. ಎದೆಯಲ್ಲಿ ಹಿಂಡಿದಂತಹ ನೋವು ಬಂದು ಬೆವರಿದಾಗಲೂ ಹಾಗೆಯೇ. ಅದನ್ನು ವಾಯು ಎಂದು ಸೋಡಾ ಕುಡಿಸಿ ಮಲಗಿಸಬೇಡಿರಿ. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಅದಕ್ಕೆ ಮುಂಚೆ ತಲೆಯ ಸ್ಕ್ಯಾನ್ ಆಗಬೇಕು. ಆದ್ದರಿಂದ ಲಕ್ಷಣಗಳು ಎಷ್ಟು ಗಂಟೆಗೆ ಆರಂಭವಾದುವು, ಅದಕ್ಕೆ ಮುಂಚೆ ಕೊನೆಯ ಬಾರಿಗೆ ಅವರು ಸರಿಯಾಗಿದ್ದುದನ್ನು ಯಾರು ಯಾವಾಗ ಕಂಡರು ಎಂಬುದನ್ನು ಗುರುತಿಟ್ಟುಕೊಂಡು, ನುಂಗುತ್ತಿರುವ ಮಾತ್ರೆಗಳ ಚೀಟಿಯೊಡನೆ ಆಸ್ಪತ್ರೆಗೆ ಬನ್ನಿರಿ. ವೈದ್ಯರು ಕೇಳುವ ಮೊದಲನೆಯ ಪ್ರಶ್ನೆ ಅದೇ ಆಗಿರುತ್ತದೆ.