ನಮ್ಮ ಸೈನ್ಯ ಪರನಾಡಿಗೆ ಹೋದಾಗ

ಉಮದಿ, ಸಂಖ, ಬಿಳೂರ ಕಡೆಯ ನಿಮಗೆ ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಕೇಳುವ ರೂಢಿ ಇದೆ. 2022ರ ಕೊನೆಗೆ ಜತ್ತ ತಾಲೂಕಿನ 40 ಹಳ್ಳಿಗಳ ಠರಾವು ದೊಡ್ಡ ಸುದ್ದಿಯಾಯಿತಲ್ಲ? ಕರ್ನಾಟಕಕ್ಕೆ ಸೇರುವ ಠರಾವು ಎಂದು ಬೆಂಗಳೂರು ಹೇಳಿತು. ಅದು 2012ರ ಹಳೆಯ ಮಾತು, ನೀರಿಗಾಗಿ ಮಾಡಿದ್ದು ಎಂದು ಮುಂಬಯಿ ಹೇಳಿತು. ಎರಡನ್ನೂ ಕೇಳಿದವರಿಗೆ ಊರಿನ ನೀರಡಿಕೆ ತಿಳಿಯಿತು. ಯುದ್ಧದ ಸುದ್ದಿಗೂ ಈ ರೂಢಿ ಬೇಕು, ಅದರಲ್ಲೂ ನಮ್ಮದೇ ಸೈನ್ಯ ಚಿಕ್ಕ ದೇಶವೊಂದಕ್ಕೆ ಹೋದಾಗ.

1987ರ ಜೂನ್ 4ರಂದು ಬೆಂಗಳೂರಿನಿಂದ ಐದು ವಿಮಾನಗಳು ಹಾರಿ, ಶ್ರೀಲಂಕೆಯ ಜಾಫ್ನಾದ ಮೇಲೆ ಸುಮಾರು 25 ಟನ್ ಆಹಾರ, ಔಷಧಿ ಇಳಿಸಿದವು. ಲಂಕೆಯ ಸರಕಾರದ ಒಪ್ಪಿಗೆ ಇರಲಿಲ್ಲ. ಸಾಮಾನಿನ ಜತೆ ದೇಶವಿದೇಶದ ಪತ್ರಕರ್ತರೂ ವಿಮಾನದಲ್ಲಿದ್ದರು. ಕೊಡುವ ಕೈಯನ್ನು ಲೋಕ ನೋಡಲಿ ಎಂಬುದೇ ಉದ್ದೇಶ.

ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೈನ್ಯ ಶಾಂತಿಪಾಲನಾ ಪಡೆ ಎಂಬ ಹೆಸರಿನಿಂದ ಅಲ್ಲಿಗೆ ಹೋಯಿತು. ಅಕ್ಟೋಬರ್ 10ಕ್ಕೆ ತಮಿಳು ಹುಲಿಗಳ ವಿರುದ್ಧ ಕಾರ್ಯಾಚರಣೆ ಶುರುವಾದಾಗ ಮೊದಲು ಸ್ಫೋಟಿಸಿದ್ದು 'ಈಳಮುರಸು', 'ಮುರಸೊಲಿ' ಎಂಬ ಎರಡು ಪತ್ರಿಕೆಗಳ ಛಾಪಖಾನೆಗಳನ್ನು. ಅವು ಹುಲಿಗಳ ಪರ ಬರೆಯುತ್ತಿದ್ದವು, ನಿಜ. ಆದರೂ ಛಾಪಖಾನೆ ಹೋದ ಮೇಲೆ ಆ ಊರಿನ ಸುದ್ದಿ ಆ ಊರಿನವರ ಬಾಯಿಂದ ಬರುವುದು ಹೇಗೆ?

ಅದೇ ತಿಂಗಳ 21, 22ರಂದು, ದೀಪಾವಳಿಯ ಹೊತ್ತಿಗೆ, ಜಾಫ್ನಾ ಆಸ್ಪತ್ರೆಯಲ್ಲಿ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ನಮ್ಮ ಸೈನ್ಯದ ಗುಂಡಿಗೆ ಸತ್ತರು. ಒಳಗಿನಿಂದ ಗುಂಡು ಬಂತು ಎಂದಿತು ಸೈನ್ಯ. ಸೈನ್ಯ ಬರುವ ಹೊತ್ತಿಗೆ ಹುಲಿಗಳು ಹೋಗಿಯಾಗಿತ್ತು ಎಂದರು ಬದುಕುಳಿದ ಸಿಬ್ಬಂದಿ. ಜೂನಿನಲ್ಲಿ ಕಂಡ ಕ್ಯಾಮರಾ ಅಲ್ಲಿರಲಿಲ್ಲ.

ಇಂಥದ್ದನ್ನೆಲ್ಲ ಜಾಫ್ನಾ ವಿಶ್ವವಿದ್ಯಾಲಯದ ಅಧ್ಯಾಪಕಿ, ವೈದ್ಯೆ ರಜನಿ ತಿರಣಗಮ ಮತ್ತು ಸಂಗಡಿಗರು ಬರೆದಿಟ್ಟರು. ಸೈನ್ಯದ ತಪ್ಪು, ಹುಲಿಗಳ ತಪ್ಪು, ಎರಡನ್ನೂ ಒಂದೇ ಪುಸ್ತಕದಲ್ಲಿ. 1989ರ ಸೆಪ್ಟೆಂಬರ್ 21ರಂದು ಆಕೆಯನ್ನು ಗುಂಡಿಕ್ಕಿ ಕೊಂದರು.

ಬೆಳಗಾವಿಗೆ ಹೋಗಿ ಮರಾಠಾ ಪಲಟಣಿಗೆ ಭರತಿಯಾಗುವ ಹುಡುಗರ ಸೀಮೆ ನಮ್ಮದು. ಲಂಕೆಯಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು. ಆಚೆಯವರ ಮಾತು ಕೇಳಿದರೆ ಇವರಿಗೆ ಅಗೌರವ ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮಗನನ್ನು ಏತಕ್ಕೆ ಕಳಿಸಿದಿರಿ ಎಂದು ಕೇಳುವ ತಾಯಿಗೂ ಪೂರ್ತಿ ಸುದ್ದಿಯೇ ಬೇಕು.

1990ರ ಮಾರ್ಚ್ 24ರಂದು ಕೊನೆಯ ತುಕಡಿ ಮರಳಿತು. ಆ ಸೈನಿಕರ ಹೆಸರುಗಳನ್ನು ಈಗ ಕೊಲಂಬೊ ಹತ್ತಿರ ಕಲ್ಲಿನಲ್ಲಿ ಕೆತ್ತಿದ್ದಾರೆ. ಜಾಫ್ನಾ ಆಸ್ಪತ್ರೆಯ ಸಿಬ್ಬಂದಿ ಪ್ರತಿ ಅಕ್ಟೋಬರದಲ್ಲಿ ತಮ್ಮವರನ್ನು ನೆನೆಯುತ್ತಾರೆ.