ಆರು ಚುಕ್ಕಿಗಳ ಅಕ್ಷರಾಭ್ಯಾಸ

(ಶತಮಾನೋತ್ಸವದ ಶಿಕ್ಷಕ–ಪೋಷಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ಅಕ್ಷರ ಕಲಿಸಿದ ಈ ಶಾಲೆಯಲ್ಲಿ, ಬೆರಳಿನಿಂದ ಓದುವ ಅಕ್ಷರಗಳ ಕುರಿತು ಎರಡು ಮಾತು ಹೇಳಬಯಸುತ್ತೇನೆ. ಬ್ರೈಲ್ ಪಾಠವು ಸಾಮಾನ್ಯವಾಗಿ ಒಂದು ಭಾವಚಿತ್ರ, ಒಂದು ಜನ್ಮದಿನಾಂಕ, ಒಂದಿಷ್ಟು ಅನುಕಂಪದಲ್ಲಿ ಮುಗಿಯುತ್ತದೆ. ಮಕ್ಕಳು ಅದನ್ನು ಲಿಪಿಯೆಂದೇ ಕಲಿಯಬೇಕೆಂಬುದು ನನ್ನ ನಿವೇದನೆ.

ಲೂಯಿ ಬ್ರೈಲ್ 1809ರಲ್ಲಿ ಪ್ಯಾರಿಸ್ ಸಮೀಪದ ಕೂವ್ರೆ ಗ್ರಾಮದಲ್ಲಿ ಜನಿಸಿದರು. ತಂದೆ ಕುದುರೆಯ ಜೀನು ಹೊಲಿಯುವ ಕುಶಲಕರ್ಮಿ. ಮೂರನೆಯ ವಯಸ್ಸಿನಲ್ಲಿ ತಂದೆಯ ಚೂಪಾದ ಉಪಕರಣ ಕಣ್ಣಿಗೆ ತಾಗಿ, ಸೋಂಕು ಹರಡಿ, ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಅವರಿಗೆ ಷಾರ್ಲ್ ಬಾರ್ಬಿಯೆಯವರ ಹನ್ನೆರಡು ಚುಕ್ಕಿಗಳ ಬರಹ ಪರಿಚಯವಾಯಿತು. ಅದು ಬೆರಳ ತುದಿಗೆ ಒಮ್ಮೆಲೇ ನಿಲುಕುತ್ತಿರಲಿಲ್ಲ. ಬ್ರೈಲ್ ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದರು.

ಇದನ್ನು ಕಲಿಸಲು ರಟ್ಟು, ಅಂಟು, ಹುಣಿಸೆಬೀಜ ಸಾಕು. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3. ಬಲಸಾಲಿನಲ್ಲಿ 4, 5, 6. ಬೀಜಗಳನ್ನು 1, 3, 4ರಲ್ಲಿ ಅಂಟಿಸಿದರೆ ‘ಮ’. 1, 2, 3, 5ರಲ್ಲಿ ಅಂಟಿಸಿದರೆ ‘ರ’. ಮಗು ಕಣ್ಣು ಮುಚ್ಚಿ ಸವರಿ ‘ಮರ’ ಎಂದು ಓದಲಿ. ಮುಂದೆ, ಹಳೆಯ ಆಮಂತ್ರಣ ಪತ್ರಿಕೆಯ ಕೆಳಗೆ ಬಟ್ಟೆ ಹಾಸಿ, ಶಾಯಿ ಮುಗಿದ ರೀಫಿಲ್‌ನಿಂದ ಒತ್ತಿ ಬರೆಯಲಿ. ಚುಕ್ಕಿ ಏಳುವುದು ಹಿಂಬದಿಯಲ್ಲಿ. ಆದುದರಿಂದ ಬಲದಿಂದ ಎಡಕ್ಕೆ, ಸಾಲುಗಳನ್ನು ಅದಲುಬದಲು ಮಾಡಿ ಬರೆಯಬೇಕು. ಮೇಲಿನ ತರಗತಿಗಳಿಗೆ ಇದು ಗಣಿತವೂ ಹೌದು: ಎರಡನ್ನು ಆರು ಬಾರಿ ಇಟ್ಟು ಗುಣಿಸಿದರೆ 64, ಖಾಲಿ ಮನೆಯನ್ನು ಬಿಟ್ಟರೆ 63 ಗುರುತುಗಳು.

ಗಡಿನಾಡಿನ ನಮಗೆ ಇಲ್ಲೊಂದು ವಿಶೇಷವಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಭಾರತೀಯ ಭಾಷೆಗಳ ಸಮಾನ ಧ್ವನಿಗಳಿಗೆ ಬಹುಮಟ್ಟಿಗೆ ಒಂದೇ ಗುರುತು. ಕನ್ನಡದ ‘ಮರ’ಕ್ಕೆ ಅನುಸ್ವಾರದ ಚುಕ್ಕಿಗಳನ್ನು ಸೇರಿಸಿದರೆ ಅದೇ ಮಲಯಾಳದ ‘ಮರಂ’. ಕಣ್ಣಿಗೆ ಬೇರೆಯಾಗಿ ಕಾಣುವ ಎರಡು ಲಿಪಿಗಳು ಬೆರಳಿಗೆ ಒಂದಾಗುತ್ತವೆ.

ಬ್ರೈಲ್ ಕಲಿತ ಶಾಲೆಯಲ್ಲೇ ಕೆಲಕಾಲ ಈ ಲಿಪಿಗೆ ತಡೆಯಿತ್ತು. ವಿದ್ಯಾರ್ಥಿಗಳು ಗುಟ್ಟಾಗಿ ಬಳಸುತ್ತ ಅದನ್ನು ಉಳಿಸಿಕೊಂಡರು. ಅಧಿಕೃತ ಮನ್ನಣೆ ದೊರೆತದ್ದು 1854ರಲ್ಲಿ, ಬ್ರೈಲ್ ತೀರಿಕೊಂಡ ಎರಡು ವರ್ಷಗಳ ಬಳಿಕ. ಲಿಪಿ ಬದುಕುವುದು ಬಳಸುವವರ ಕೈಯಲ್ಲಿ ಎಂಬುದನ್ನು ಗಡಿನಾಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ದೃಷ್ಟಿಯಿಲ್ಲದ ಮಗುವೊಂದು ನಾಳೆ ಈ ಶಾಲೆಗೆ ಸೇರಿದರೆ, ಅದು ಬರೆದುದನ್ನು ಓದಬಲ್ಲ ಸಹಪಾಠಿಗಳು ಅದಕ್ಕೆ ದೊರೆಯಲಿ.